ಇಂಪ್ಲಾಂಟ್ ಆದ ಮೇಲೆ ಮರಳಿ ಕೆಲಸಕ್ಕೆ

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನ ಬಲಗಿವಿಯ ಹಿಂದೆ ಒಂದು ಯಂತ್ರ, ಅದರಿಂದ ಹೊರಟ ಒಂದು ತಂತಿ, ಆ ತಂತಿಯ ತುದಿಯಲ್ಲಿ ತಲೆಗೆ ಅಂಟಿಕೊಂಡಿರುವ ಒಂದು ಗುಂಡನೆಯ ಬಿಲ್ಲೆ ಇರುವುದನ್ನು ನೀವೆಲ್ಲ ನೋಡಿದ್ದೀರಿ. ಅರಿಶಿನ-ಕುಂಕುಮಕ್ಕೆ ಹೋದಲ್ಲೆಲ್ಲ ಮಕ್ಕಳು "ಆಂಟಿ, ಅದೇನು?" ಎಂದು ನೇರವಾಗಿ ಕೇಳುತ್ತವೆ. ದೊಡ್ಡವರು ನೋಡಿ, ನೋಡಲಿಲ್ಲ ಎನ್ನುವಂತೆ ಮುಖ ತಿರುಗಿಸುತ್ತಾರೆ. ಮಕ್ಕಳೇ ವಾಸಿ. ಇದರ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ಒಪ್ಪಿಕೊಂಡೆ. ಈ ಸಭೆಯಲ್ಲಿ ಕಿವಿ ಮಂದವಾಗುತ್ತಿರುವವರು ನಾನೊಬ್ಬಳೇ ಅಲ್ಲ ಎಂಬುದು ನನಗೆ ಗೊತ್ತು. ತುಟಿ ನೋಡುತ್ತ ಕೂತವರನ್ನು ನಾನು ದೂರದಿಂದಲೇ ಗುರುತಿಸಬಲ್ಲೆ!

ಮೊದಲು ಇದು ಏನು ಎಂಬುದನ್ನು ಹೇಳುತ್ತೇನೆ. ಶ್ರವಣಯಂತ್ರ, ಅಂದರೆ ಹಿಯರಿಂಗ್ ಏಡ್, ಶಬ್ದವನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಆ ದೊಡ್ಡ ಶಬ್ದವನ್ನು ಹಿಡಿದುಕೊಳ್ಳಲು ಒಳಗಿವಿಯಲ್ಲಿ ಜೀವ ಇರಬೇಕು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಸಣ್ಣ ಸುರುಳಿ ಇದೆ, ಅದೇ ಕಾಕ್ಲಿಯ. ಅದರೊಳಗೆ ಕೂದಲಿನಂಥ ಜೀವಕೋಶಗಳು ಸಾಲಾಗಿ ಕೂತಿರುತ್ತವೆ. ಶಬ್ದವನ್ನು ನರಕ್ಕೆ ದಾಟಿಸುವ ಮುಖ್ಯ ಕೋಶಗಳು ಒಂದು ಕಿವಿಯಲ್ಲಿ ಸುಮಾರು 3,500. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಂಪ್ಲಾಂಟ್ ಆ ಕೋಶಗಳನ್ನು ಬಿಟ್ಟು, ಸುರುಳಿಯೊಳಗೆ ತೂರಿಸಿದ ಒಂದು ಸಪೂರ ತಂತಿಯಿಂದ ನೇರವಾಗಿ ನರಕ್ಕೆ ವಿದ್ಯುತ್ತಿನ ಸಂಜ್ಞೆ ಕೊಡುತ್ತದೆ. ನನ್ನ ತಂತಿಯಲ್ಲಿ 22 ಎಲೆಕ್ಟ್ರೋಡ್‌ಗಳಿವೆ. ಬ್ಯಾಂಕಿನವಳ ಲೆಕ್ಕದಲ್ಲಿ ಹೇಳುವುದಾದರೆ, 3,500 ಜನ ನಡೆಸುತ್ತಿದ್ದ ಆಫೀಸನ್ನು ಈಗ 22 ಜನ ನಡೆಸುತ್ತಿದ್ದಾರೆ. ನಡೆಸುತ್ತಿದ್ದಾರೆ ಎಂಬುದೇ ದೊಡ್ಡ ಮಾತು. ಬಹು-ಎಲೆಕ್ಟ್ರೋಡ್ ಇಂಪ್ಲಾಂಟನ್ನು 1978ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೋಗಿಗೆ ಅಳವಡಿಸಿದ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರ ತಂದೆಗೂ ಕಿವಿ ಕೇಳಿಸುತ್ತಿರಲಿಲ್ಲವಂತೆ. ಔಷಧಿ ಅಂಗಡಿ ಇಟ್ಟುಕೊಂಡಿದ್ದವರು ಅವರು. ಗಿರಾಕಿ ಏನು ಕೇಳಿದ ಎಂಬುದು ತಿಳಿಯದೆ ಕೌಂಟರಿನ ಹಿಂದೆ ನಿಲ್ಲುವುದು ಎಂಥ ಪಾಡು ಎಂದು ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಘಾಟ್ಕೋಪರದ ಒಂದು ಸರಕಾರಿ ಬ್ಯಾಂಕಿನ ಶಾಖೆಯಲ್ಲಿ ಸಾಲದ ವಿಭಾಗದಲ್ಲಿ ಕೆಲಸ. ಮೂವತ್ತು ದಾಟಿದ ಮೇಲೆ ಎರಡೂ ಕಿವಿಗಳು ನಿಧಾನವಾಗಿ ಇಳಿಯತೊಡಗಿದವು. ಹದಿಮೂರು ವರ್ಷ ಶ್ರವಣಯಂತ್ರದಲ್ಲೇ ನಡೆಯಿತು. ನಾನು ಎಷ್ಟು ಭಾಗ ಕಿವಿಯಿಂದ, ಎಷ್ಟು ಭಾಗ ಕಣ್ಣಿನಿಂದ ಕೇಳುತ್ತಿದ್ದೆ ಎಂಬುದು ತಿಳಿದದ್ದು 2020ರಲ್ಲಿ, ಎಲ್ಲರೂ ಮಾಸ್ಕ್ ಹಾಕಿಕೊಂಡಾಗ. ಒಂದೇ ದಿನದಲ್ಲಿ ಊರಿನ ತುಟಿಗಳೆಲ್ಲ ಮಾಯ. ಮೇಲೆ ಕೌಂಟರಿಗೆ ಹೊಸದಾಗಿ ಗಾಜು ಬೇರೆ. "ಮೇಡಂ ಮಾತಾಡಿಸಿದರೂ ಉತ್ತರ ಕೊಡುವುದಿಲ್ಲ" ಎಂದು ಒಬ್ಬ ಗ್ರಾಹಕರು ಬರೆದುಕೊಟ್ಟರು. ನನ್ನನ್ನು ಒಳಗಿನ ಟೇಬಲ್ಲಿಗೆ ಕಳಿಸಿದರು. ಸಂಬಳ ಕಡಿಮೆಯಾಗಲಿಲ್ಲ, ಯಾರೂ ಒರಟಾಗಿ ಮಾತಾಡಲಿಲ್ಲ. ಫೈಲುಗಳ ಮಧ್ಯೆ ಕೂರಿಸಿ ಬಿಟ್ಟರು, ಅಷ್ಟೇ. ಸಾಲ ಮಂಜೂರಾದ ದಿನ ವಿದ್ಯಾರ್ಥಿಯ ಅಪ್ಪ-ಅಮ್ಮ ಬಂದು ಕೈಮುಗಿಯುತ್ತಾರಲ್ಲ, ಆ ಕುರ್ಚಿ ನನ್ನದಾಗಿತ್ತು. ಅದು ಹೋಯಿತು.

ಆಮೇಲೆ ತಪಾಸಣೆಗಳು ನಡೆದವು. ಆಡಿಯೋಗ್ರಾಂ, ಯಂತ್ರ ಹಾಕಿಕೊಂಡೂ ಎಷ್ಟು ಪದ ತಿಳಿಯುತ್ತದೆ ಎಂಬ ಪರೀಕ್ಷೆ, ಸಿ.ಟಿ., ಎಂ.ಆರ್.ಐ. ಮೆದುಳಿನ ಪೊರೆಗೆ ಸೋಂಕು ತಗಲಬಾರದೆಂದು ಮುಂಚೆಯೇ ಲಸಿಕೆ ಹಾಕುತ್ತಾರೆ. ಅದನ್ನು ಯಾರೂ ತಪ್ಪಿಸಬೇಡಿ. ನಮ್ಮ ಮನೆಯಲ್ಲಿ ಚರ್ಚೆ ನಡೆದದ್ದು ಹಣಕ್ಕಿಂತ ಹೆಚ್ಚಾಗಿ ಒಂದೇ ಮಾತಿನ ಮೇಲೆ. ಆಪರೇಷನ್ ಮಾಡಿದ ಕಿವಿಯಲ್ಲಿ ಉಳಿದಿರುವ ಅಷ್ಟಿಷ್ಟು ಸಹಜ ಶ್ರವಣವೂ ಹೋಗಬಹುದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. "ಇರೋದನ್ನ ಕಳಕೊಂಡು ಇಲ್ಲದ್ದನ್ನ ಹುಡುಕೋದೇನವಾ?" ಎಂದು ಅವ್ವ ಧಾರವಾಡದಿಂದ ಮೆಸೇಜ್ ಮಾಡಿಸಿದಳು. ಫೋನಿನಲ್ಲಿ ಮಾತಾಡುವುದು ನಿಂತು ಆಗಲೇ ನಾಲ್ಕು ವರ್ಷವಾಗಿತ್ತು. ಅವಳು ಹೇಳುವುದನ್ನು ನನ್ನ ತಮ್ಮ ಟೈಪ್ ಮಾಡುತ್ತಿದ್ದ. ತಾಯಿಯ ಮಾತು ತಮ್ಮನ ಕಾಗುಣಿತದಲ್ಲಿ ಬರುವುದು ನನಗೆ ಸಾಕಾಗಿತ್ತು. ಮಾಡಿಸಿಕೊಳ್ಳುತ್ತೇನೆ ಎಂದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಹುಟ್ಟಿನಿಂದ ಕಿವುಡರಾಗಿ, ಸಂಜ್ಞಾಭಾಷೆಯಲ್ಲಿ ಓದಿ, ದುಡಿದು, ಸಂಸಾರ ಮಾಡಿಕೊಂಡಿರುವವರು ಈ ನಗರದಲ್ಲೇ ಸಾವಿರಾರು ಜನರಿದ್ದಾರೆ. ಲೋಕಲ್ ಟ್ರೈನಿನ ಆ ಗದ್ದಲದಲ್ಲಿ ನೆಮ್ಮದಿಯಿಂದ ಹರಟುವವರು ಅವರೊಬ್ಬರೇ. ಅವರಿಗೆ ಇದು ಬೇಕೇ ಬೇಕು ಎಂದು ನಾನು ಹೇಳುತ್ತಿಲ್ಲ. ನಾನು ಕೇಳಿಸಿಕೊಂಡು ಬೆಳೆದವಳು, ನನ್ನ ಭಾಷೆಗಳೆಲ್ಲ ಶಬ್ದದಲ್ಲೇ ಇದ್ದವು. ಹಾಗಾಗಿ ನನ್ನ ನಿರ್ಧಾರ ಹೀಗಾಯಿತು.

2022ರ ಫೆಬ್ರವರಿ ಮೊದಲ ವಾರ ಆಪರೇಷನ್. ಸುಮಾರು ಮೂರು ಗಂಟೆ, ಪೂರ್ತಿ ಅರಿವಳಿಕೆಯಲ್ಲಿ. ಮೂರನೆಯ ದಿನ ತಲೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದೆ. ನೋವು ಅಂದುಕೊಂಡದ್ದಕ್ಕಿಂತ ಕಡಿಮೆ, ತಲೆಸುತ್ತು ಅಂದುಕೊಂಡದ್ದಕ್ಕಿಂತ ಹೆಚ್ಚು. ಒಳಗಿವಿಯೇ ನಮ್ಮ ಸಮತೋಲನದ ಜಾಗವೂ ಆಗಿರುವುದರಿಂದ ಹೀಗಾಗುತ್ತದೆ. ಒಂದು ವಾರ ಗೋಡೆ ಹಿಡಿದು ಬಚ್ಚಲಿಗೆ ಹೋದೆ. ನಾಲಿಗೆಯ ರುಚಿಯ ನರ ಕಿವಿಯ ಮಧ್ಯದಿಂದಲೇ ಹಾದುಹೋಗುತ್ತದೆ. ಅದಕ್ಕೆ ತುಸು ಪೆಟ್ಟಾಗಿ, ತಿಂಗಳುಗಟ್ಟಲೆ ಚಹಾ ಕುಡಿದರೆ ಹಳೆಯ ನಾಣ್ಯ ನೆಕ್ಕಿದ ಹಾಗೆ ಅನಿಸುತ್ತಿತ್ತು. ಮೂಗು ಜೋರಾಗಿ ಸೀಟಬಾರದು, ಬಗ್ಗಿ ಭಾರ ಎತ್ತಬಾರದು ಎಂದಿದ್ದರು. ನಮ್ಮತ್ತೆ ಅದನ್ನು ಶಾಸನದಂತೆ ಪಾಲಿಸಿದರು. ಎರಡು ಲೀಟರಿನ ಕುಕ್ಕರ್ ಎತ್ತಲೂ ಬಿಡಲಿಲ್ಲ. ಆ ವಾರಗಳಲ್ಲಿ ಬಲಗಿವಿ ಪೂರ್ತಿ ಮೌನ. ಗಾಯ ಮಾಯುವವರೆಗೆ ಹೊರಗಿನ ಯಂತ್ರ ಕೊಡುವುದಿಲ್ಲ. ಎಲ್ಲರೂ "ಆಪರೇಷನ್ ಆಯ್ತಲ್ಲ, ಈಗ ಕೇಳಿಸುತ್ತಾ?" ಎಂದು ಕೇಳುವವರೇ.

ಮೂರು ವಾರಗಳ ನಂತರ ಸ್ವಿಚ್-ಆನ್. ಯಂತ್ರ ಚಾಲೂ ಮಾಡಿದ ಕ್ಷಣ ರೋಗಿ ಆನಂದದಿಂದ ಅಳುವ ವಿಡಿಯೋಗಳನ್ನು ನೀವೂ ವಾಟ್ಸ್ಆ್ಯಪಿನಲ್ಲಿ ನೋಡಿರಬಹುದು. ನಮ್ಮ ಯಜಮಾನರು ಫೋನ್ ಹಿಡಿದುಕೊಂಡೇ ಕೂತಿದ್ದರು. ನನಗೆ ಕೇಳಿಸಿದ್ದು ಟಿಣ್, ಟಿಣ್, ಟಿಣ್. ಅವರು ಮಾತಾಡಿದರೆ ಕಾರ್ಟೂನಿನ ಬಾತುಕೋಳಿ. ಆಡಿಯಾಲಜಿಸ್ಟ್ ಮಾತಾಡಿದರೂ ಅದೇ ಬಾತುಕೋಳಿ. ಗಂಡಸೋ ಹೆಂಗಸೋ ತಿಳಿಯದು, ಕನ್ನಡವೋ ಮರಾಠಿಯೋ ತಿಳಿಯದು. ನನಗೆ ಅಳು ಬರಲಿಲ್ಲ, ನಗು ಬಂತು. ಯಜಮಾನರು ಫೋನ್ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದ ಮೇಲೆ ಮಾತ್ರ ಒಂದು ವಿಷಯ ಆಯಿತು. ಒಗ್ಗರಣೆ ಹಾಕಿದಾಗ ಸಾಸಿವೆ ಸಿಡಿಯುವುದು ಕೇಳಿಸಿತು. ಅಂಥ ಸಣ್ಣ, ಚೂಪಾದ ಶಬ್ದಗಳು ನನ್ನಿಂದ ಹೋಗಿ ಹದಿನೈದು ವರ್ಷವಾದರೂ ಆಗಿತ್ತು. ಸಾಸಿವೆಗೆ ಶಬ್ದವಿದೆ ಎಂಬುದೇ ಮರೆತಿತ್ತು. ಪ್ಲಾಸ್ಟಿಕ್ ಚೀಲವಂತೂ ಇಷ್ಟು ಗದ್ದಲದ ವಸ್ತು ಎಂದು ಯಾರೂ ಹೇಳಿರಲಿಲ್ಲ.

ಕನ್ನಡಕ ಹಾಕಿಕೊಂಡ ಕ್ಷಣ ಅಕ್ಷರ ಕಾಣುತ್ತದೆ. ಇದು ಹಾಗಲ್ಲ. ಶಬ್ದ ಒಳಗೆ ಹೋಗುತ್ತದೆ, ಅದಕ್ಕೆ ಅರ್ಥ ಕೂಡಿಸುವುದನ್ನು ಮೆದುಳು ಹೊಸದಾಗಿ ಕಲಿಯಬೇಕು. ಯಂತ್ರದ ಸೆಟ್ಟಿಂಗನ್ನು, ಅದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ, ಮೊದಲಿಗೆ ವಾರವಾರವೂ ಬದಲಿಸುತ್ತಾರೆ. ಉಳಿದದ್ದು ಮನೆಪಾಠ. ದಿನಕ್ಕೆ ಒಂದು ಗಂಟೆ, ಬಾಯಿ ನೋಡದೆ ಬರೀ ಕಿವಿಯಿಂದ.

ನಮ್ಮಂಥ ಹೊರನಾಡಿನವರಿಗೆ ತೊಡಕು ಎದುರಾದದ್ದು ಇಲ್ಲಿ. ಕ್ಲಿನಿಕ್ಕಿನವರು ಕೊಟ್ಟ ಪದಪಟ್ಟಿ, ವಾಕ್ಯಗಳು ಎಲ್ಲ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇದ್ದವು. ನನಗೆ ಮೂರೂ ಬರುತ್ತವೆ. ಆದರೂ ಆಡಿಯಾಲಜಿಸ್ಟ್ ಹುಡುಗಿ, ಅವಳು ಮರಾಠಿಯವಳು, ಹೇಳಿದಳು: "ನಿಮ್ಮ ತಲೆಯೊಳಗೆ ಎಲ್ಲಕ್ಕಿಂತ ಹಳೆಯ ಭಾಷೆ ಯಾವುದೋ ಅದರಿಂದ ಶುರು ಮಾಡಿ. ಅರ್ಧ ಕೇಳಿಸಿದರೆ ಇನ್ನರ್ಧವನ್ನು ಮೆದುಳು ತಾನೇ ತುಂಬುವುದು ಆ ಭಾಷೆಯಲ್ಲಿ." ಮನೆಯಲ್ಲಿ ಕನ್ನಡ ಓದಬಲ್ಲವರು ಅತ್ತೆಯೊಬ್ಬರೇ. ಅವರಿಗೆ ಪೊರೆ ಬಂದಿತ್ತು. ಮಗ ಇಂಗ್ಲಿಷ್ ಮೀಡಿಯಂ, ಕನ್ನಡ ಮಾತಾಡುತ್ತಾನೆ, ಓದಲಾರ. ಆಗ ನಮ್ಮ ವೇದಿಕೆಯ ಗುಂಪಿನಲ್ಲಿ ನಾಚಿಕೊಂಡೇ ಒಂದು ಮೆಸೇಜ್ ಹಾಕಿದೆ. ದಿನಕ್ಕೊಬ್ಬರು ಐದು ನಿಮಿಷ ಯಾವುದಾದರೂ ಕನ್ನಡ ಪತ್ರಿಕೆ ಓದಿ ಧ್ವನಿ ಕಳಿಸುತ್ತೀರಾ, ಓದಿದ್ದರ ಫೋಟೋವನ್ನೂ ಕಳಿಸುತ್ತೀರಾ ಎಂದು.

ಹನ್ನೊಂದು ಜನ ಒಪ್ಪಿದಿರಿ. ಇಲ್ಲೇ ಕೂತಿದ್ದೀರಿ, ಹೆಸರು ಹೇಳಿದರೆ ಬೈಯುತ್ತೀರಿ, ಹೇಳುವುದಿಲ್ಲ. ಒಬ್ಬರು ಮಂಗಳೂರಿನವರು, ಒಂದೊಂದು ಅಕ್ಷರವನ್ನೂ ತೊಳೆದು ಇಟ್ಟ ಹಾಗೆ ಓದುತ್ತಿದ್ದರು. ಮೊದಲು ತಿಳಿದದ್ದು ಅವರ ಕನ್ನಡವೇ. ಮೈಸೂರಿನವರೊಬ್ಬರು ಚಿನ್ನದ ದರ ಮಾತ್ರ ಓದುತ್ತಿದ್ದರು. ಬೀದರಿನ ನಮ್ಮಕ್ಕನ ವೇಗಕ್ಕೆ ಎರಡು ತಿಂಗಳು ನಾನು ಕೈ ಮುಗಿದೆ. ಮೊದಲು ನೋಡದೆ ಕೇಳುವುದು, ತಿಳಿದಷ್ಟನ್ನು ಬರೆಯುವುದು, ಆಮೇಲೆ ಫೋಟೋ ತೆಗೆದು ತಾಳೆ ನೋಡುವುದು. ಮೊದಲ ವಾರ ಹತ್ತರಲ್ಲಿ ಒಂದು ಪದ ಸಿಗುತ್ತಿತ್ತು. ಯಂತ್ರಕ್ಕೆ ಶಬ್ದದ ಉದ್ದ-ಗಿಡ್ಡ ಚೆನ್ನಾಗಿ ತಿಳಿಯುತ್ತದೆ, ಆದ್ದರಿಂದ ಬೆಳೆ ಯಾವುದು, ಬೇಳೆ ಯಾವುದು ಎಂಬುದು ಬೇಗ ಬಂತು. ನಾಲಿಗೆ ಎಲ್ಲಿ ಮುಟ್ಟಿತು ಎಂಬುದು ತಿಳಿಯುವುದು ಕಷ್ಟ. ಮನೆ–ಮಣೆ, ಹಾಲು–ಹಾಳು, ಕತ್ತಿ–ಕಟ್ಟಿ ಇವು ಬಹಳ ದಿನ ಒಂದೇ ಆಗಿದ್ದವು. ಅತ್ತೆ ಊಟಕ್ಕೆ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು "ಮಣೆ ಕೊಡು, ಮನೆ ಕೊಡು" ಎಂದು ಪರೀಕ್ಷೆ ಮಾಡುತ್ತಿದ್ದರು. "ಮನೆ ಕೊಡು" ಎಂದಾಗ ನಾನು "ಕೊಡುವುದಿಲ್ಲ" ಎಂದರೆ ಪಾಸು.

ರಜೆ ಮುಗಿಯುತ್ತ ಬಂತು. ಮಾರ್ಚ್ ಎಂದರೆ ಬ್ಯಾಂಕಿಗೆ ವರ್ಷಾಂತ್ಯ, ಆ ಗಲಾಟೆಗೆ ಬರಬೇಡಿ, ಮುಗಿಸಿಕೊಂಡೇ ಬನ್ನಿ ಎಂದರು ಮ್ಯಾನೇಜರು. ಆ ವರ್ಷ ಯುಗಾದಿ ಏಪ್ರಿಲ್ 2, ಶನಿವಾರ. ಅದೇ ಪಾಡ್ಯದಿಂದ ಮಹಾರಾಷ್ಟ್ರದಲ್ಲಿ ಮಾಸ್ಕಿನ ಕಡ್ಡಾಯವೂ ಹೋಯಿತು. ಬೇವು-ಬೆಲ್ಲ ತಿಂದು ಸೋಮವಾರ 4ನೆಯ ತಾರೀಖು ಕೆಲಸಕ್ಕೆ ಹೊರಟೆ. ಲೇಡೀಸ್ ಡಬ್ಬಿಯಲ್ಲಿ ಆ ಬಿಲ್ಲೆ ಮೂರು ಸಲ ಕಳಚಿತು. ಅದರೊಳಗೆ ಅಯಸ್ಕಾಂತವಿದೆ, ಹೇರ್‌ಪಿನ್ನು ಕಂಡರೂ ಬಿಡದು. ಒಮ್ಮೆಯಂತೂ ಹೋಗಿ ಕಂಬಕ್ಕೆ ಅಂಟಿಕೊಂಡಿತು, ಪಕ್ಕದ ಹುಡುಗಿ ಗಾಬರಿಯಾದಳು. ಆದರೆ ಟ್ರೈನು ನನಗೆ ಒಳ್ಳೆಯ ಪಾಠಶಾಲೆಯಾಯಿತು. ನಿಲ್ದಾಣದ ಹೆಸರನ್ನು ಮರಾಠಿ, ಹಿಂದಿ, ಇಂಗ್ಲಿಷ್ ಎಂದು ಮೂರು ಸಲ ಹೇಳುತ್ತಾರೆ, ಮುಂದಿನದು ಯಾವುದೆಂದು ಮೊದಲೇ ಗೊತ್ತಿರುತ್ತದೆ. ಕಾಂಜೂರ್‌ಮಾರ್ಗದಂಥ ಉದ್ದ ಹೆಸರುಗಳು ಬೇಗ ತಿಳಿದವು. ದಿವಾ ತಿಳಿಯಲು ಮೇ ತಿಂಗಳು ಬರಬೇಕಾಯಿತು.

ಬ್ಯಾಂಕಿನಲ್ಲಿ ಪೇಢೆ ಹಂಚಿದೆ. "ಟವರ್ ಸಿಗ್ತಾ ಇದೆಯಾ?" ಎಂದು ಒಬ್ಬರು ತಮಾಷೆ ಮಾಡಿದರು. ಸಿಗುತ್ತಿದೆ ಎಂದೆ. ಮ್ಯಾನೇಜರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಒಳಗಿನ ಟೇಬಲ್ಲಿನಲ್ಲೇ ಆರಾಮಾಗಿರಿ, ನಿಮಗೇಕೆ ತೊಂದರೆ?" ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತಿಗೆ ಎದುರು ಹೇಳುವುದೇ ಹೆಚ್ಚು ಕಷ್ಟ. ನಾನು ಒಂದು ಪುಟದ ಅರ್ಜಿ ಬರೆದುಕೊಂಡೇ ಹೋಗಿದ್ದೆ. ಸಾಲದ ಟೇಬಲ್ ಮರಳಿ ಬೇಕು. ನನ್ನ ಬೆನ್ನಿಗೆ ಗೋಡೆ ಇರಲಿ, ಹಿಂದಿನಿಂದ ಗದ್ದಲ ಬರಬಾರದು. ಗ್ರಾಹಕರ ಮುಖದ ಮೇಲೆ ಬೆಳಕು ಬೀಳಲಿ. ಮೊದಲ ಮೂರು ತಿಂಗಳು ಫೋನ್ ಬೇರೆಯವರು ಎತ್ತಲಿ, ಅದಕ್ಕೆ ಬದಲಾಗಿ ಅವರ ನವೀಕರಣದ ಫೈಲುಗಳನ್ನು ನಾನು ಮಾಡುತ್ತೇನೆ. ಮೀಟಿಂಗಿನಲ್ಲಿ ಒಬ್ಬರ ನಂತರ ಒಬ್ಬರು ಮಾತಾಡಲಿ. ಇದರಲ್ಲಿ ಒಂದಕ್ಕೂ ಖರ್ಚಿಲ್ಲ ಎಂಬುದನ್ನು ಗಮನಿಸಿ. ಕೊನೆಯಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೆಯ ಕಲಮನ್ನು ನಮೂದಿಸಿದ್ದೆ. ನೌಕರಿಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರಕಾರಿ ಸಂಸ್ಥೆ ಆ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಮ್ಯಾನೇಜರು ಎರಡು ಸಲ ಓದಿ, "ಮೂರು ತಿಂಗಳು ನೋಡೋಣ" ಎಂದರು.

ಸಂಖ್ಯೆಗಳು ನನ್ನನ್ನು ಬಹಳ ಕಾಡಿದವು. ಹಿಂದಿ-ಮರಾಠಿಯಲ್ಲಿ ಸಾತ್ ಮತ್ತು ಸಾಠ್, ಜೊತೆಗೆ ಆಠ್. ಇಂಗ್ಲಿಷಿನಲ್ಲಿ ಫಿಫ್ಟೀನ್, ಫಿಫ್ಟಿ. ಸಾಲದ ಟೇಬಲ್ಲಿನಲ್ಲಿ ಏಳು ಲಕ್ಷಕ್ಕೂ ಅರವತ್ತು ಲಕ್ಷಕ್ಕೂ ನಡುವೆ ಅನುಮಾನ ಇರಲು ಸಾಧ್ಯವೇ? ಅದಕ್ಕೆ ದೊಡ್ಡ ಅಂಕಿಯ ಒಂದು ಕ್ಯಾಲ್ಕ್ಯುಲೇಟರ್ ತಂದೆ. ಗ್ರಾಹಕರು ಹೇಳಿದ್ದನ್ನು ಒತ್ತಿ ಅವರ ಕಡೆಗೆ ತಿರುಗಿಸುತ್ತೇನೆ, ಅವರು ತಲೆಯಾಡಿಸಿದ ಮೇಲೆ ಮುಂದಿನ ಮಾತು. ಈಗ ನಮ್ಮ ಶಾಖೆಯಲ್ಲಿ ಕಿವಿ ಚೆನ್ನಾಗಿರುವ ಇಬ್ಬರು ಕೂಡ ಹಾಗೇ ಮಾಡುತ್ತಾರೆ. ಹೊಸ ಗ್ರಾಹಕರಿಗೆ ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತೇನೆ: "ನನಗೆ ಕಿವಿ ಕಡಿಮೆ, ನನ್ನ ಕಡೆ ನೋಡಿ ಮಾತಾಡಿ, ಕೂಗಬೇಡಿ." ಕೂಗಿದರೆ ಶಬ್ದ ಒಡೆಯುತ್ತದೆ, ತಿಳಿಯುವುದು ಇನ್ನೂ ಕಡಿಮೆಯಾಗುತ್ತದೆ. ಜನ ಅರ್ಥ ಮಾಡಿಕೊಳ್ಳುತ್ತಾರೆ. ಕಣ್ಣಿಗೆ ಕನ್ನಡಕ ಬಂದರೆ ವಿದ್ಯಾವಂತೆ, ಕಿವಿಗೆ ಯಂತ್ರ ಬಂದರೆ ಮುದುಕಿ ಎನ್ನುವುದು ಹೊರಗಿನವರಿಗಿಂತ ನಮ್ಮ ನೆಂಟರಲ್ಲೇ ಜಾಸ್ತಿ.

ದಣಿವಿನ ಬಗ್ಗೆ ಯಾರೂ ನನಗೆ ಮುಂಚೆ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಮುಚ್ಚಿಕೊಳ್ಳುತ್ತಿತ್ತು. ಪ್ರತಿಯೊಂದು ವಾಕ್ಯವೂ ಪದಬಂಧ ಬಿಡಿಸಿದ ಹಾಗೆ. ಊಟದ ವಿರಾಮದಲ್ಲಿ ಹದಿನೈದು ನಿಮಿಷ ಯಂತ್ರ ತೆಗೆದಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದೆ. ಸೊಕ್ಕು ಎಂದುಕೊಂಡವರೂ ಇದ್ದರು. ಪಕ್ಕದ ಟೇಬಲ್ಲಿನ ಸಹೋದ್ಯೋಗಿಗೆ ಒಮ್ಮೆ ಬಿಡಿಸಿ ಹೇಳಿದೆ, ಆಮೇಲೆ ಅವಳೇ ನನ್ನ ಪರವಾಗಿ ಎಲ್ಲರಿಗೂ ಹೇಳಿದಳು. ಮನೆಗೆ ಬಂದು ರಾತ್ರಿ ಯಂತ್ರ ತೆಗೆದರೆ ನಾನು ಈಗಲೂ ಪೂರ್ತಿ ಕಿವುಡಿಯೇ. ಮುಂಬೈಯ ಮಳೆಗಾಲ, ಬೆವರು ಇದಕ್ಕೆ ಆಗದು, ತೇವ ಹೀರುವ ಡಬ್ಬಿಯಲ್ಲಿ ಅದನ್ನು ಮಲಗಿಸಿ ನಾನೂ ಮಲಗುತ್ತೇನೆ. ಕರೆಗಂಟೆ ಬಾರಿಸಿದರೆ ಮಗ ಬಂದು ಭುಜ ಅಲುಗಿಸುತ್ತಾನೆ.

ಬಾರದೇ ಉಳಿದದ್ದನ್ನೂ ಹೇಳಬೇಕು. ಸಂಗೀತ. ಧಾರವಾಡದಲ್ಲಿ ಬೆಳೆದವಳಿಗೆ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಎಂದರೆ ಮನೆಯ ರೇಡಿಯೋದಲ್ಲಿ ಇದ್ದವರು. 22 ಎಲೆಕ್ಟ್ರೋಡ್‌ಗಳಿಗೆ ತಾಳ ಸಿಗುತ್ತದೆ, ಸ್ವರ ಸಿಗುವುದಿಲ್ಲ. ತಬಲಾ ಚೆನ್ನಾಗಿ ಕೇಳಿಸುತ್ತದೆ, ಆಲಾಪ ಕರಕರ ಎನ್ನುತ್ತದೆ. ಮೊದಲೇ ಬಾಯಿಪಾಠ ಇದ್ದ ಅಭಂಗಗಳಾದರೆ ನೆನಪು ಬಂದು ಕೂಡಿಕೊಳ್ಳುತ್ತದೆ, ಕೇಳುತ್ತಿರುವುದು ಕಿವಿಯೋ ನೆನಪೋ ಎಂದು ಬೇರ್ಪಡಿಸಲಾರೆ. ಹೊಸ ಹಾಡು ಈಗ ನನ್ನ ಪಾಲಿಗಿಲ್ಲ.

ಫೋನಿನ ಮಾತು ಹೇಳಲೇಬೇಕು. ಆಗಸ್ಟ್ ತಿಂಗಳು, ಶ್ರಾವಣ. ಫೋನಿನ ಶಬ್ದ ಬ್ಲೂಟೂತ್‌ನಿಂದ ನೇರವಾಗಿ ಯಂತ್ರಕ್ಕೆ ಬರುವಂತೆ ಮಗ ಜೋಡಿಸಿಕೊಟ್ಟಿದ್ದ. ತಮ್ಮನಿಗೆ ಮೊದಲೇ ಮೆಸೇಜ್ ಹಾಕಿ, ಅವ್ವನ ಕೈಗೆ ಫೋನ್ ಕೊಡು, ಏನು ಮಾತಾಡಬೇಕೆಂದು ಹೇಳಿಕೊಡಬೇಡ ಎಂದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಊಟ ಆತೇನವಾ?" ಎಂದಳು. ಧ್ವನಿ ಅವಳದ್ದೆಂದು ಗುರುತು ಸಿಗಲಿಲ್ಲ, ಅದು ನಿಜ. ಆದರೆ ಮಾತು ಅವಳದ್ದೇ. ಆತವಾ ಎಂದೆ. "ಏನ್ ಮಾಡಿದ್ದಿ?" ಬದನೆಕಾಯಿ ಎಣಗಾಯಿ ಎಂದೆ. "ಎಣ್ಣಿ ಜಾಸ್ತಿ ಹಾಕಬ್ಯಾಡ" ಎಂದಳು. ಆಮೇಲೆ ಪ್ರತಿ ಭಾನುವಾರ ಮಾತಾಡಿದೆವು, ಒಂದು ವರ್ಷ ಎರಡು ತಿಂಗಳು. ಕಳೆದ ವರ್ಷದ ಹಿಂದಿನ ದಸರೆಗೆ ಅವಳು ತೀರಿಕೊಂಡಳು.

ಹಣದ ವಿಷಯ ಕೇಳುವವರಿದ್ದೀರಿ. ಇದು ಹಲವು ಲಕ್ಷಗಳ ಖರ್ಚು. ನನಗೆ ವಿಮೆಯಿಂದ ಒಂದು ಭಾಗ ಬಂತು, ಉಳಿದದ್ದು ಪಿ.ಎಫ್. ಮತ್ತು ನನ್ನ ಬಳೆಗಳು. ಹೊರಗಿನ ಯಂತ್ರವನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಸಿಗುವ ಇಂಪ್ಲಾಂಟ್ ಮಕ್ಕಳಿಗಾಗಿ. ನಮ್ಮ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಊರಿನಲ್ಲಿ ಯಾರಾದರೂ ಮಗು ಕರೆದರೆ ತಿರುಗುತ್ತಿಲ್ಲ ಎಂದರೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತಡಮಾಡದೆ ಕರೆದೊಯ್ಯಲು ಹೇಳಿ. ಮಕ್ಕಳಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ. ದೊಡ್ಡವರು ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಕೊಳ್ಳಿ, ನಾಚಿಕೊಳ್ಳಬೇಡಿ. ಕಾರ್ಡ್ ಇಲ್ಲದಿದ್ದರೆ ನನ್ನ ಅರ್ಜಿಯ ಕೊನೆಯ ಸಾಲಿಗೆ ಬೆಲೆ ಇರುತ್ತಿರಲಿಲ್ಲ.

ಆ ಮೂರು ತಿಂಗಳು ಮುಗಿದ ಮೇಲೆ ಮ್ಯಾನೇಜರು ಮತ್ತೆ ಕರೆಯಲಿಲ್ಲ. ನಾನೂ ಕೇಳಲಿಲ್ಲ. ಸಾಲದ ಟೇಬಲ್ಲಿನಲ್ಲೇ ಇದ್ದೇನೆ. ಹೊಸ ಮ್ಯಾನೇಜರು ಬಂದಾಗ ಅದೇ ಒಂದು ಪುಟವನ್ನು ತಾರೀಖು ಬದಲಿಸಿ ಮತ್ತೆ ಕೊಟ್ಟೆ.

ಪ್ರಶ್ನೆಗಳಿದ್ದರೆ ಕೇಳಿ. ಮೈಕ್ ಹಿಡಿದು, ಒಬ್ಬೊಬ್ಬರಾಗಿ. ಬೀದರಿನ ಅಕ್ಕ, ನೀವು ಸ್ವಲ್ಪ ನಿಧಾನ.